ಅರ್ಧ ಸುತ್ತು

ಜನವರಿ ೭, ಮಂಗಳವಾರ

ಬ್ಯಾಟರಿ ಕಂಪನಿಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಪ್ರತಿ ವರ್ಷ ಅದು ಸ್ಕ್ರೂ ಡಬ್ಬಗಳ ಅಡಿಗೆ ಹೋಗುತ್ತದೆ. ಈ ಸಲ ಬರೆಯೋಣ ಅನ್ನಿಸಿತು, ಏಕೆಂದರೆ ಈ ಕಾರ್ ವೈರಿಂಗ್ ಅಂಗಡಿಯಲ್ಲಿ ಇದು ನನ್ನ ಕೊನೆಯ ತಿಂಗಳು. ಫೆಬ್ರವರಿ ಒಂದಕ್ಕೆ ಬೀಗದ ಕೈ ಮಗಳ ಗಂಡನಿಗೆ, ನಮ್ಮ ಅಳಿಯಂದಿರಿಗೆ, ಕೊಡುತ್ತೇನೆ ಎಂದು ನಾನೇ ಬಾಯಿಬಿಟ್ಟು ಹೇಳಿಯಾಗಿದೆ. ಮೂವತ್ತೊಂದು ವರ್ಷ ಕಂಡವರ ಕಾರುಗಳ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ್ದಾಯಿತು. ಇನ್ನು ಮಹಡಿಯ ಮೇಲೆ, ಸ್ವಂತ ಹಾಸಿಗೆಯಲ್ಲಿ ಅಂಗಾತ ಮಲಗಬಹುದು.

ಇವತ್ತು ಮೇಷ್ಟ್ರ ಕಾರಿಗೆ ರಿಮೋಟ್ ಸ್ಟಾರ್ಟರ್ ಕೂರಿಸಿದೆವು. ಮನೆಯೊಳಗಿಂದ ಗುಂಡಿ ಒತ್ತಿದರೆ ಸಾಕು, ಹೊರಗೆ ನಿಂತ ಕಾರು ತಾನೇ ಸ್ಟಾರ್ಟ್ ಆಗಿ ಒಳಗೆಲ್ಲ ಬೆಚ್ಚಗಾಗುತ್ತದೆ. ನನ್ನ ಕಾಲದಲ್ಲಿ ಇಂಥದ್ದನ್ನು ಭೂತಚೇಷ್ಟೆ ಎನ್ನುತ್ತಿದ್ದರು. ಮೇಷ್ಟ್ರಿಗೆ ಇದು ಷೋಕಿಯಲ್ಲ. ಅವರ ಹೆಂಡತಿಯ ಕಿಡ್ನಿ ಎರಡೂ ಹೋಗಿವೆ. ವಾರಕ್ಕೆ ಮೂರು ದಿನ, ಸೋಮವಾರ ಬುಧವಾರ ಶುಕ್ರವಾರ, ಬೆಳಕು ಹರಿಯುವ ಮೊದಲೇ ರಕ್ತ ಶುದ್ಧಿ ಮಾಡಿಸಲು ಆಸ್ಪತ್ರೆಗೆ ಹೋಗಬೇಕು. ಈ ಚಳಿಯಲ್ಲಿ ಕಾರಿನ ಗಾಜೆಲ್ಲ ಮಂಜು ಹಿಡಿದು ಬೆಳ್ಳಗಾಗಿರುತ್ತದೆ. ಚಳಿ ತಾಗಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಮಗಳಿಗೆ ಲೆಕ್ಕ ಕಲಿಸಿದ ಮೇಷ್ಟ್ರು ಅವರು, ಬೇರೆಲ್ಲೂ ಹೋಗದೆ ನಮ್ಮಲ್ಲಿಗೇ ಬಂದರು.

ಹನ್ನೊಂದು ವೈರು. ಅಳಿಯಂದಿರು ಒಂದೊಂದನ್ನೂ ಸುಲಿದು, ಬೆಸುಗೆ ಹಾಕಿ, ಟೇಪು ಸುತ್ತಿ, ಮಗುವಿಗೆ ಜಡೆ ಹಾಕಿದ ಹಾಗೆ ಕಟ್ಟಿದರು. ಅವರ ಕೈಯಲ್ಲಿ ಕೆಲಸ ಇದೆ. ಇದನ್ನು ಇಲ್ಲಿ ಬರೆಯುತ್ತೇನೆ, ಅವರ ಮುಂದೆ ಹೇಳುವುದಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ಕೊನೆಯಲ್ಲಿ ಅರ್ತ್ ನಾನು ಕೊಟ್ಟೆ. ನಮ್ಮ ಅಂಗಡಿಯಲ್ಲಿ ಅದೊಂದು ಪದ್ಧತಿ. ಕರೆಂಟು ಕೆಲಸ ಮುಗಿಸಿ ವಾಪಸ್ ಹೋಗುವ ದಾರಿ ಅರ್ತ್. ಒಂದು ಕಪ್ಪು ವೈರನ್ನು ಕಾರಿನ ಮೈ ತಗಡಿಗೆ ಸ್ಕ್ರೂ ಹಾಕಿ ಬಿಗಿಯುವುದು, ಅಷ್ಟೇ. ಆದರೆ ಆ ಸ್ಕ್ರೂ ಹಿರಿಯರೇ ಹಾಕಬೇಕು. ನನ್ನ ಗುರುಗಳು ಇರುವ ತನಕ ಅವರು ಹಾಕಿದರು, ಆಮೇಲೆ ನಾನು. ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಎರಡೂ ಕಡೆ ತಗಡಿನವರೆಗೆ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯುತ್ತೇನೆ. ಯಾರಾದರೂ ಮುಟ್ಟಿದರೆ ಗೆರೆ ಮುರಿಯುತ್ತದೆ, ನನಗೆ ಗೊತ್ತಾಗುತ್ತದೆ. ಇಲ್ಲಿಯವರೆಗೆ ಯಾರೂ ಮುಟ್ಟಿಲ್ಲ.

ಕಾರು ಮೊದಲ ಒತ್ತಿಗೇ ಸ್ಟಾರ್ಟ್ ಆಯಿತು. ಮೇಷ್ಟ್ರು ಹುಡುಗನ ಹಾಗೆ ನಕ್ಕರು.

ಜನವರಿ ೮, ಬುಧವಾರ

ಬೆಳಿಗ್ಗೆ ಮೇಷ್ಟ್ರ ಫೋನು. ಸ್ಟಾರ್ಟ್ ಆಗುತ್ತದಂತೆ, ಹತ್ತು ಎಣಿಸುವಷ್ಟರಲ್ಲಿ ನಿಲ್ಲುತ್ತದಂತೆ. ಮತ್ತೆ ಒತ್ತಿದರೆ ಮತ್ತೆ ಅದೇ. ಕೊನೆಗೆ ಕೀಲಿ ಹಾಕಿ ಸ್ಟಾರ್ಟ್ ಮಾಡಿಕೊಂಡು ಹೋದರಂತೆ. ದೂರು ಹೇಳುವುದಕ್ಕೂ ಅವರಿಗೆ ಸಂಕೋಚ, ತಪ್ಪು ಅವರದ್ದೇ ಎಂಬಂತೆ.

ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದರು. ಹೆಂಡತಿ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ಅಳಿಯಂದಿರು ಅರ್ಧ ಗಂಟೆಯಲ್ಲಿ ಎಂಜಿನ್ ವೇಗ ಅಳೆಯುವ ವೈರನ್ನು ಮತ್ತೆ ಜೋಡಿಸಿ, ಸರಿಯಾಯಿತು ಎಂದರು. ಎಂಜಿನ್ ತಿರುಗುತ್ತಿದೆ ಎಂಬುದು ರಿಮೋಟ್ ಸ್ಟಾರ್ಟರಿನ ಡಬ್ಬಿಗೆ ತಿಳಿಯದಿದ್ದರೆ ಅದು ತಾನೇ ನಿಲ್ಲಿಸಿಬಿಡುತ್ತದೆ, ನಿಜ. ನಾಲ್ಕು ಸಲ ಒತ್ತಿ ನೋಡಿದೆವು, ನಾಲ್ಕು ಸಲವೂ ಓಡಿತು.

ರಾತ್ರಿ ಊಟಕ್ಕೆ ಕೂತಾಗ ರೇಗಿಸಿದೆ. ಹತ್ತರವರೆಗೆ ಎಣಿಸಲು ಕಾರಿಗೂ ಮೇಷ್ಟ್ರೇ ಕಲಿಸಿರಬೇಕು, ಹನ್ನೊಂದು ಬರುವುದಿಲ್ಲ ಪಾಪ ಎಂದೆ. ಮಗಳು ನಕ್ಕಳು. ಅಳಿಯಂದಿರೂ ನಕ್ಕರು, ಆದರೆ ತಟ್ಟೆ ನೋಡಿಕೊಂಡು.

ಜನವರಿ ೧೧, ಶನಿವಾರ

ನಿನ್ನೆ ಮತ್ತೆ ಅದೇ ಕಥೆ. ಮೇಷ್ಟ್ರು ಕಾರನ್ನು ನಮ್ಮಲ್ಲೇ ಬಿಟ್ಟುಹೋದರು, ಸರಿಯಾಗುವ ತನಕ ಟ್ಯಾಕ್ಸಿಯಲ್ಲಿ ಓಡಾಡುತ್ತಾರಂತೆ.

ಅಳಿಯ ಬೆಳಿಗ್ಗೆಯಿಂದ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹರಡಿಕೊಂಡು ಕೂತ. ಕೀಲಿಯೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ನೋಡಿದ. ಬ್ರೇಕಿನ ವೈರು ನೋಡಿದ. ಬಾನೆಟ್ಟು ತೆರೆದಿದ್ದರೆ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚು ನೋಡಿದ. ಕಂಪನಿಯ ಪುಸ್ತಕದಲ್ಲಿ ಮೊದಲ ಸಾಲೇ "ಅರ್ತ್ ಪರೀಕ್ಷಿಸಿ" ಎಂದಿದೆ. ಅವನು ಎರಡನೇ ಸಾಲಿನಿಂದ ಶುರು ಮಾಡಿದ. ನನ್ನ ಸ್ಕ್ರೂ ಹತ್ತಿರ ಬಂದಾಗೆಲ್ಲ ಅವನ ಟಾರ್ಚು ಪಕ್ಕಕ್ಕೆ ಸರಿಯುತ್ತಿತ್ತು. ಮಾವನ ಗೆರೆ ಮುಟ್ಟುವ ಧೈರ್ಯವಿಲ್ಲ. ನನಗೆ ಒಳಗೊಳಗೇ ಸಂತೋಷವಾಯಿತು, ಮರ್ಯಾದೆ ಗೊತ್ತಿರುವ ಹುಡುಗ ಎಂದು.

ಅವನು ಊಟಕ್ಕೆ ಮೇಲೆ ಹೋದಾಗ ನಾನು ಟೆಸ್ಟ್ ಲ್ಯಾಂಪ್ ತೆಗೆದೆ. ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಬಾಗಿಲಿನ ತಿರುಗಣಿಯ ಬರಿ ಲೋಹಕ್ಕೆ. ಬಲ್ಬು ಝಗ್ ಎಂದು ಉರಿಯಿತು. ಅದೇ ತುದಿಯನ್ನು ನನ್ನ ಸ್ಕ್ರೂಗೆ ಇಟ್ಟೆ. ಬಲ್ಬು ಕೆಂಪಗೆ, ಕೆಂಡ ಆರುವಾಗ ಇರುತ್ತದಲ್ಲ, ಹಾಗೆ. ಮತ್ತೆ ಇಟ್ಟೆ. ಮತ್ತೆ ಹಾಗೇ.

ತಗಡಿನ ಬಣ್ಣ ಕೆರೆದಿಲ್ಲ. ಬಣ್ಣದ ಮೇಲೆಯೇ ಸ್ಕ್ರೂ ಬಿಗಿದಿದ್ದೇನೆ, ಬಣ್ಣ ಕರೆಂಟು ಬಿಡುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟು ಜನಕ್ಕೆ ನಾನೇ ಹೇಳಿಕೊಟ್ಟಿದ್ದೇನೆ, ಮೊದಲು ಕೆರೆಯಿರಿ, ಲೋಹ ಹೊಳೆಯಬೇಕು ಎಂದು. ಮಂಗಳವಾರ ಮೇಷ್ಟ್ರ ಜೊತೆ ಮಾತಾಡುತ್ತ ಬಗ್ಗಿದ್ದೆ. ಅಲ್ಲಿ ಕತ್ತಲು. ಕೆರೆದಿದ್ದೇನೆ ಎಂದುಕೊಂಡಿದ್ದೆ.

ಹೇಳಿಬಿಡಬೇಕು, ನಕ್ಕು ಹೇಳಿಬಿಡಬೇಕು, ನಿಮ್ಮ ಮಾವ ಮುದುಕನಾದ ಎಂದು, ಹೀಗೆಂದುಕೊಂಡೇ ಕೂತಿದ್ದೆ. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಅಳತೆಯ ಟೇಪು ಹಿಡಿದು ಕೆಳಗೆ ಬಂದರು. ನನ್ನ ಸ್ಟೂಲು ಇರುವ ಮೂಲೆಯಲ್ಲಿ ಕಂಪ್ಯೂಟರ್ ಮೇಜು ಬರಬೇಕಂತೆ. ಮಗಳು ನಾನು ಕೂತಿದ್ದ ಹಾಗೆಯೇ ನನ್ನ ಬೆನ್ನ ಹಿಂದಿನ ಗೋಡೆ ಅಳೆದಳು. "ಅಪ್ಪ, ಸ್ವಲ್ಪ ಕಾಲು ತೆಗಿ," ಎಂದಳು.

ಕಾಲು ತೆಗೆದೆ. ಅರ್ತಿನ ವಿಷಯ ಹೇಳಲಿಲ್ಲ. ಸೋಮವಾರ ಹೇಳಿದರಾಯಿತು.

ಜನವರಿ ೧೩, ಸೋಮವಾರ

ಹೇಳಲಿಲ್ಲ.

ಅಳಿಯ ಮೂರನೇ ಸಲ ಎಲ್ಲ ಬಿಚ್ಚಿದ. ತಗಡಿನ ಅಂಚು ತಾಗಿ ಎರಡು ಬೆರಳು ಕೊಯ್ದುಕೊಂಡ. ನಾನು ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತ, ಬ್ರೇಕಿನ ವೈರು ಇನ್ನೊಮ್ಮೆ ನೋಡಬಾರದೇ ಎಂದೆ. ನೋಡಿದ. ಚಿಪ್ಪಿನದ್ದೇ ಇರಬೇಕು ಎಂದೆ. ಅದನ್ನೂ ಬಿಚ್ಚಿ ನೋಡಿದ. ಒಬ್ಬ ಮನುಷ್ಯ ನಾನು ಹೇಳಿದ ಕಡೆಗೆಲ್ಲ ತೆವಳಿಕೊಂಡು ಹೋಗುವುದನ್ನು ನೋಡುತ್ತ ಕೂರುವುದರಲ್ಲಿ ಒಂದು ಸುಖ ಇದೆ. ಯಾರೂ ಓದದ ಡೈರಿಯಲ್ಲಿ ಸುಳ್ಳು ಯಾಕೆ, ಖುಷಿಯಾಯಿತು.

ಮಧ್ಯಾಹ್ನ ಮೇಷ್ಟ್ರು ಟ್ಯಾಕ್ಸಿಯಲ್ಲಿ ಬಂದು ಬಾಗಿಲಲ್ಲೇ ನಿಂತು ಇಣುಕಿದರು. ಟ್ಯಾಕ್ಸಿಯ ಕಿಟಕಿ ಮುಚ್ಚುತ್ತಿರಲಿಲ್ಲವಂತೆ, ಹೆಂಡತಿಗೆ ಗಂಟಲು ಕಟ್ಟಿದೆಯಂತೆ. ಅಳಿಯ ಡ್ಯಾಶ್‌ಬೋರ್ಡಿನ ಕೆಳಗಿಂದಲೇ ಕ್ಷಮೆ ಕೇಳಿದ. ಎದ್ದು ನಿಂತು ಕೇಳಬೇಕಿತ್ತು.

ಜನವರಿ ೧೫, ಬುಧವಾರ

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ, ಎಡಗಣ್ಣು ಹೆಚ್ಚು. ಕಣ್ಣಿಗೆ ಹಾಕಿದ ಹನಿಯಿಂದ ದಾರಿಯೆಲ್ಲ ಮಂಜು. ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದರೆ ಮೇಷ್ಟ್ರ ಕಾರು ಗುರುಗುಟ್ಟುತ್ತ ನಿಂತಿತ್ತು. ಕಾಲು ಗಂಟೆಯಿಂದ ಓಡುತ್ತಿದೆಯಂತೆ.

ಏನಾಗಿತ್ತು ಎಂದು ಕೇಳಿದೆ. "ಬ್ರೇಕಿನ ವೈರು, ಮಾವ. ನಾನು ಹಾಕಿದ ಬೆಸುಗೆಯೇ ಬಿಟ್ಟಿತ್ತು. ನನ್ನದೇ ತಪ್ಪು," ಎಂದ. ಮುಖ ಮಾತ್ರ ಅತ್ತ ಕಡೆ.

ಸಂಜೆ ಕಣ್ಣು ತಿಳಿಯಾದ ಮೇಲೆ ಟಾರ್ಚು ಹಿಡಿದು ನೋಡಿದೆ. ನನ್ನ ಬಿಳಿ ಗೆರೆ ಎಳ್ಳಷ್ಟೂ ಕದಲಿಲ್ಲ. ಅಂದರೆ ಅರ್ತ್ ಹಾಗೇ ಇದೆ. ಇವನು ವೈರು ಎಳೆದಾಡುವಾಗ ಹೇಗೋ ಒಂದು ಕಡೆ ಲೋಹಕ್ಕೆ ತಾಗಿಕೊಂಡಿದೆ, ಅಷ್ಟೇ. ಕುರುಡು ಅದೃಷ್ಟ. ಎರಡು ದಿನದಲ್ಲಿ ಮತ್ತೆ ನಿಲ್ಲುತ್ತದೆ, ನೋಡೋಣ.

ಜನವರಿ ೨೪, ಶುಕ್ರವಾರ

ನಿಲ್ಲಲಿಲ್ಲ. ಒಂಬತ್ತು ದಿನವಾಯಿತು. ಮೇಷ್ಟ್ರು ತಮ್ಮ ಬೀದಿಯ ಇನ್ನಿಬ್ಬರನ್ನು ಕಳಿಸಿದ್ದಾರೆ. ಬಂದವರು ನನ್ನ ಮುಂದೆಯೇ ಹಾದು, ರಿಮೋಟ್ ಹಾಕುವವರು ನೀವೇನಾ ಎಂದು ಅಳಿಯನನ್ನು ಕೇಳಿದರು.

ಬೋರ್ಡು ಬರೆಯುವವನು ಬಂದು ಅಳತೆ ತೆಗೆದುಕೊಂಡು ಹೋದ. ಹೊಸ ಬೋರ್ಡಿನಲ್ಲಿ ಕಾರಿನ ಚಿತ್ರ, ಅದರಿಂದ ಅಲೆ ಅಲೆಯಾಗಿ ಏನೋ ಹೊರಡುತ್ತಿದೆ. ಮಗಳೇ ಬಿಡಿಸಿದ್ದಂತೆ. ಚೆನ್ನಾಗಿದೆ ಎಂದೆ, ಇನ್ನೇನು ಹೇಳಲಿ.

ಸಂಜೆ ಒಂದು ವ್ಯಾನಿಗೆ ರಿಮೋಟ್ ಹಾಕಿ ಮುಗಿದಿತ್ತು. ನಾನು ಸ್ಕ್ರೂ ಡ್ರೈವರ್ ತೆಗೆದುಕೊಂಡು ಬಗ್ಗಲು ಹೋದೆ. ಅವನು ನನ್ನ ಕೈಯಿಂದ ಮೆಲ್ಲಗೆ ಅದನ್ನು ತೆಗೆದುಕೊಂಡ.

"ಮಾವ, ಇನ್ಮೇಲೆ ಅರ್ತ್ ನಾನೇ ಕೊಡ್ತೀನಿ. ನಿಮಗೆ ಬಗ್ಗೋದು ಕಷ್ಟ ಆಗುತ್ತೆ."

ಪಕ್ಕದಲ್ಲಿ ವ್ಯಾನಿನವನು ನಿಂತಿದ್ದ. ನಾನು ಸರಿ ಎಂದೆ. ಮೇಲೆ ಬಂದು ಮುಖ ತೊಳೆದುಕೊಂಡೆ. ನನ್ನ ಗುರುಗಳು ಕೊನೆಯ ದಿನದವರೆಗೆ ತಾವೇ ಅರ್ತ್ ಕೊಟ್ಟರು. ಕಣ್ಣು ಹೋದ ಮೇಲೆ ನಾನು ಅವರ ಕೈ ಹಿಡಿದು ಸ್ಕ್ರೂ ಮೇಲೆ ಇಡುತ್ತಿದ್ದೆ. ಆಮೇಲೆ ಅವರಿಗೆ ತಿಳಿಯದ ಹಾಗೆ ಇನ್ನೊಮ್ಮೆ ಬಿಗಿಯುತ್ತಿದ್ದೆ, ಅದು ಬೇರೆ ಮಾತು.

ಇನ್ನು ಎಂಟು ದಿನ.

ಜನವರಿ ೨೮, ಮಂಗಳವಾರ

ಮೇಷ್ಟ್ರು ವೈಪರ್ ಬದಲಿಸಲು ಬಂದಿದ್ದರು. ಅಳಿಯ ಇರಲಿಲ್ಲ, ಸಾಮಾನು ತರಲು ಹೋಗಿದ್ದ. ವೈಪರ್ ಹಾಕಿದೆ. ಒಳಗೂ ಒಮ್ಮೆ ನೋಡಿಬಿಡುತ್ತೇನೆ ಮೇಷ್ಟ್ರೇ ಎಂದೆ. ಅವರು ಪತ್ರಿಕೆ ಓದುತ್ತ ಕೂತರು.

ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಗೆರೆ ನೇರವಾಗಿದೆಯಲ್ಲ, ಸರಿಯಾಗಿ ಅರ್ಧ ಸುತ್ತು ತಿರುಗಿಸಿದರೆ ತಲೆ ಕೆಳಗಾಗಿ ಮತ್ತೆ ಕೂಡಿಕೊಳ್ಳುತ್ತದೆ. ನೋಡಿದವರಿಗೆ ಯಾರೂ ಮುಟ್ಟಿಲ್ಲ ಎಂದೇ ಕಾಣುತ್ತದೆ. ಇಷ್ಟು ವರ್ಷ ಗೆರೆ ಎಳೆದ ನನಗೇ ಇದು ಇವತ್ತೇ ಹೊಳೆದದ್ದು.

ಇದರಲ್ಲಿ ಮೋಸವೇನೂ ಇಲ್ಲ. ಕಾರು ಹೇಗಿದ್ದರೂ ಕೆಡುವುದೇ ಇತ್ತು, ಒಳಗೆ ಬಣ್ಣದ ಮೇಲೇ ಕೂತಿದೆ ಸ್ಕ್ರೂ. ಇವತ್ತಲ್ಲ ನಾಳೆ ಆಗುವುದನ್ನು ಫೆಬ್ರವರಿ ಒಂದರ ಒಳಗೆ ಆಗುವಂತೆ ಮಾಡಿದೆ. ಬೀಗದ ಕೈ ಯಾರ ಕೈಗೆ ಹೋಗುತ್ತಿದೆ ಎಂದು ಎಲ್ಲರಿಗೂ ಗೊತ್ತಾಗಲಿ.

ಮೇಷ್ಟ್ರು ಹೋಗುವಾಗ ಎರಡೂ ಕೈ ಜೋಡಿಸಿದರು. ಈಗ ಕಾರಿನ ಒಳಗೆ ಕೂತರೆ ಮನೆಗಿಂತ ಬೆಚ್ಚಗಿರುತ್ತದೆ ಎನ್ನುತ್ತಾರಂತೆ ಅವರ ಹೆಂಡತಿ.

ಜನವರಿ ೨೯, ಬುಧವಾರ

ನಾನು ಅಂದುಕೊಂಡಿದ್ದು ಹತ್ತು ಎಣಿಸಿ ನಿಲ್ಲುತ್ತದೆ, ಮೇಷ್ಟ್ರು ಕೀಲಿ ಹಾಕಿಕೊಂಡು ಹೋಗುತ್ತಾರೆ ಎಂದು. ಅಷ್ಟೇ ಅಂದುಕೊಂಡಿದ್ದು.

ಬೆಳಿಗ್ಗೆ ಮೇಷ್ಟ್ರು ಒಳಗಿಂದ ಗುಂಡಿ ಒತ್ತಿದ್ದಾರೆ. ಎಂಜಿನ್ ಸದ್ದು ಕೇಳಿಸಿದೆ. ಕಾರು ಬೆಚ್ಚಗಾಗಿರುತ್ತದೆ ಎಂಬ ನಂಬಿಕೆಯಲ್ಲಿ ಹೆಂಡತಿಯನ್ನು ಗಾಲಿ ಕುರ್ಚಿಯಲ್ಲಿ ಹೊರಗೆ ತಂದಿದ್ದಾರೆ, ಮನೆ ಬಾಗಿಲಿಗೆ ಬೀಗವನ್ನೂ ಹಾಕಿದ್ದಾರೆ. ಹತ್ತಿರ ಬರುವಷ್ಟರಲ್ಲಿ ಕಾರು ನಿಂತಿದೆ, ಹಾರ್ನು ಬಡಿದುಕೊಳ್ಳಲು ಶುರುವಾಗಿದೆ. ಅರ್ತ್ ಬಿಟ್ಟು ಬಿಟ್ಟು ಹಿಡಿದರೆ ಡಬ್ಬಿಗೆ ತಲೆ ಕೆಡುತ್ತದೆ. ಕಳ್ಳ ಬಂದನೆಂದುಕೊಂಡು ಸ್ಟಾರ್ಟರ್ ಮೋಟಾರಿನ ದಾರಿಯನ್ನೇ ಕಡಿದಿದೆ. ಕೀಲಿ ಹಾಕಿದರೂ ತಿರುಗಿಲ್ಲ. ಮೇಷ್ಟ್ರು ಈಗ ಹೊರಡುತ್ತದೆ, ಈಗ ಹೊರಡುತ್ತದೆ ಎಂದು ಗುಂಡಿ ಒತ್ತುತ್ತ, ಕೀಲಿ ತಿರುಗಿಸುತ್ತ ಮುಕ್ಕಾಲು ಗಂಟೆ. ಅವರ ಹೆಂಡತಿ ಅಷ್ಟು ಹೊತ್ತೂ ಅಂಗಳದಲ್ಲಿ. ಅಷ್ಟು ಮುಂಜಾನೆ ಟ್ಯಾಕ್ಸಿಯವರು ಯಾರೂ ಫೋನು ಎತ್ತಲಿಲ್ಲವಂತೆ. ಕೊನೆಗೆ ಹಾಲಿನ ವ್ಯಾನಿನವನು ಆಸ್ಪತ್ರೆಗೆ ಬಿಟ್ಟು ಬಂದನಂತೆ.

ಹತ್ತು ಗಂಟೆಗೆ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಮೇಷ್ಟ್ರು ಅಳಿಯನ ಮುಂದೆ ನಿಂತು, "ನಿನ್ನನ್ನ ನಂಬಿದ್ದೆನಲ್ಲಪ್ಪ," ಎಂದರು. ಜೋರು ಮಾಡಲಿಲ್ಲ. ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು.

ಅವನು ಕೆಳಗೆ ಬಗ್ಗಿದ. ಈ ಸಲ ಟಾರ್ಚು ಪಕ್ಕಕ್ಕೆ ಸರಿಯಲಿಲ್ಲ. ನೇರ ನನ್ನ ಗೆರೆಯ ಮೇಲೆ ಬಿತ್ತು. ಎರಡು ಬೆರಳಲ್ಲಿ ಕಪ್ಪು ವೈರಿನ ತುದಿ ಹಿಡಿದು ಅಲ್ಲಾಡಿಸಿದ, ಬಿಟ್ಟ. ಎದ್ದು ನನ್ನ ಮುಖ ನೋಡಿದ. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ.

ಪಕ್ಕದ ಅಂಗಡಿಯಿಂದ ಒಂದು ಫ್ಯೂಸು ತೆಗೆದುಕೊಂಡು ಬನ್ನಿ ಎಂದೆ. ಫ್ಯೂಸು ನಮ್ಮ ಡಬ್ಬದಲ್ಲೇ ನೂರಿದ್ದವು, ಅವನೇ ಜೋಡಿಸಿಟ್ಟದ್ದು. ಹೋದ.

ಅರ್ಧ ಸುತ್ತು ಬಿಗಿದೆ. ಗುಂಡಿ ಒತ್ತಿದೆ. ಅವನು ಫ್ಯೂಸು ಹಿಡಿದು ವಾಪಸ್ ಬರುವಷ್ಟರಲ್ಲಿ ಕಾರು ಓಡುತ್ತಿತ್ತು, ಮೇಷ್ಟ್ರು ನನ್ನ ಕೈ ಹಿಡಿದುಕೊಂಡಿದ್ದರು. ಮೂರು ವಾರದಲ್ಲಿ ಇವರು ಮಾಡಲಾರದ್ದನ್ನು ನೀವು ಎರಡು ನಿಮಿಷದಲ್ಲಿ ಮಾಡಿದಿರಿ ಎಂದರು. ನಾನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

"ಇವನಿಗೆ ನಾಲಿಗೆ ಇದೆ ಮೇಷ್ಟ್ರೇ, ಕೈ ಇಲ್ಲ. ಕೈ ಅನ್ನೋದು ಹೇಳಿಕೊಟ್ಟು ಬರೋದಲ್ಲ. ತಪ್ಪು ನನ್ನದೇ, ಮನೆ ಅಳಿಯ ಅಂತ ಕಾರು ಮುಟ್ಟೋಕೆ ಬಿಟ್ಟೆ."

ಮದುವೆಯಾದ ಈ ಆರು ವರ್ಷದಲ್ಲಿ ಜನರ ಮುಂದೆ ಅವನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಅವನು ಫ್ಯೂಸನ್ನು ಮೇಜಿನ ಮೇಲೆ ಇಟ್ಟು ಕೈ ಒರೆಸಿಕೊಂಡ. "ಹೌದು ಮಾವ," ಎಂದ.

ಫೆಬ್ರವರಿ ೧, ಶನಿವಾರ

ಬೀಗದ ಕೈ ನನ್ನ ಹತ್ತಿರವೇ ಇದೆ. ಯಾರೂ ಕೇಳಲಿಲ್ಲ. ಬೋರ್ಡಿನವನಿಗೆ ಬೇಡ ಎಂದು ಮಗಳೇ ಫೋನು ಮಾಡಿದಳು.

ಫೆಬ್ರವರಿ ೧೬, ಭಾನುವಾರ

ಅಳಿಯನಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ದೊಡ್ಡ ಅಂಗಡಿಯೊಂದರ ಕೌಂಟರಿನಲ್ಲಿ ನಿಂತು ಸೀಟ್ ಕವರು, ಮ್ಯಾಟು, ಘಮಘಮ ಡಬ್ಬಿ ಮಾರುವುದು. ಕುತ್ತಿಗೆಗೆ ಟೈ ಕಟ್ಟಿಕೊಂಡು ಹೋಗುತ್ತಾನೆ. ಬೆಳಿಗ್ಗೆ ಇಳಿಯುವಾಗ ಅಂಗಡಿಯೊಳಗೆ ತಿರುಗಿ ನೋಡುವುದಿಲ್ಲ, ಆದರೆ "ಬರ್ತೀನಿ ಮಾವ" ಎನ್ನುವುದು ತಪ್ಪಿಸಿಲ್ಲ. ತನ್ನ ಬೆಸುಗೆ ಕಡ್ಡಿ, ವೈರು ಸುಲಿಯುವ ಇಕ್ಕಳ ಎಲ್ಲ ಒರೆಸಿ ಎಣ್ಣೆ ಹಚ್ಚಿ ನನ್ನ ಪೆಟ್ಟಿಗೆಯಲ್ಲಿ ಇಟ್ಟುಹೋಗಿದ್ದಾನೆ. ಒಳ್ಳೆಯ ಇಕ್ಕಳ, ನಾನು ಬಳಸುತ್ತಿದ್ದೇನೆ.

ಇವತ್ತು ಮೇಲಿನ ಕೊಠಡಿಯ ಸ್ವಿಚ್ಚು ಕೆಟ್ಟಿತ್ತು. ಅವನು ನೋಡಲು ಎದ್ದ. ಮಗಳು ಥಟ್ಟನೆ, "ನೀವು ಸುಮ್ನೆ ಕೂತ್ಕೊಳ್ಳಿ, ಅಪ್ಪ ನೋಡ್ತಾರೆ. ಇರೋದನ್ನೂ ಕೆಡಿಸ್ಬೇಡಿ," ಎಂದಳು. ಅವನು ಕೂತ. ಈಗೀಗ ಅವಳು ಎಲ್ಲದಕ್ಕೂ ಹೀಗೇ. ಮೊದಲೆಲ್ಲ ಅವನು ಬರುವ ಹೊತ್ತಿಗೆ ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಸ್ವಿಚ್ಚು ನಾನು ಸರಿ ಮಾಡಿದೆ. ಏನೂ ದೊಡ್ಡದಿರಲಿಲ್ಲ.

ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲೇ ಇದ್ದಾರಂತೆ. ಆ ಬೆಳಿಗ್ಗೆಯ ಚಳಿ ಎದೆಗೆ ಇಳಿದಿದೆ ಎನ್ನುತ್ತಾರೆ. ಕಿಡ್ನಿ ಹೋದವರಿಗೆ ಎಲ್ಲವೂ ಎದೆಗೆ ಇಳಿಯುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಾರ್ಚ್ ೬, ಗುರುವಾರ

ಮಧ್ಯಾಹ್ನ ಮೇಷ್ಟ್ರು ಬಂದರು. ಗಡ್ಡ ಬಿಟ್ಟಿದ್ದಾರೆ. ರಿಮೋಟ್ ಸ್ಟಾರ್ಟರ್ ತೆಗೆದುಬಿಡಿ ಎಂದರು. ಯಾಕೆ, ಮತ್ತೆ ತೊಂದರೆಯೇ ಎಂದು ಕೇಳಿದೆ.

"ತೊಂದರೆ ಏನಿಲ್ಲ. ಚೆನ್ನಾಗಿದೆ. ಇನ್ನು ಯಾರಿಗೆ ಬೆಚ್ಚಗೆ ಮಾಡಲಿ?"

ಅವರ ಹೆಂಡತಿ ಹೋಗಿ ಹತ್ತು ದಿನವಾಯಿತಂತೆ. ನನಗೆ ಯಾರೂ ಹೇಳಿರಲಿಲ್ಲ. ಮಗಳಿಗೆ ಗೊತ್ತಿತ್ತು, ಅಳಿಯ ಅಂತ್ಯಕ್ರಿಯೆಗೂ ಹೋಗಿದ್ದನಂತೆ, ಎಲ್ಲರ ಹಿಂದೆ ನಿಂತಿದ್ದು ಬಂದನಂತೆ. ಇದೆಲ್ಲ ಇವತ್ತೇ ತಿಳಿದದ್ದು.

ಬಗ್ಗಿ ಕೂತು ಒಂದೊಂದೇ ಬಿಚ್ಚಿದೆ. ಹನ್ನೊಂದು ವೈರಿನಲ್ಲಿ ಒಂದು ಬೆಸುಗೆಯೂ ಬಿಟ್ಟಿರಲಿಲ್ಲ. ಬ್ರೇಕಿನ ವೈರನ್ನು ಬೇಕೆಂದೇ ಜಗ್ಗಿ ನೋಡಿದೆ. ಮೊದಲ ದಿನ ಹಾಕಿದ ಬೆಸುಗೆಯೇ ಅದು, ಮತ್ತೆ ಹಾಕಿದ ಗುರುತೇ ಇಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತು ಟಾರ್ಚು ಹಿಡಿದಿದ್ದರು. ಕೊನೆಗೆ ನನ್ನ ಸ್ಕ್ರೂ.

ಬಿಚ್ಚಿದೆ. ಕೆಳಗೆ ತಗಡು ನಾಣ್ಯದಷ್ಟು ಅಗಲ ಹೊಳೆಯುತ್ತಿತ್ತು. ಬಣ್ಣವನ್ನು ದುಂಡಗೆ, ನೀಟಾಗಿ ಕೆರೆದಿದೆ. ತುಕ್ಕು ಹಿಡಿಯಬಾರದೆಂದು ಬೆರಳ ತುದಿಯಷ್ಟು ಗ್ರೀಸು ಸವರಿದೆ. ನಡುವೆ ತಗಡನ್ನು ಕಚ್ಚಿ ಹಿಡಿಯುವ ಹಲ್ಲಿನ ವಾಷರ್ ಒಂದು. ನಾನು ಹಲ್ಲಿನ ವಾಷರ್ ಹಾಕುವುದನ್ನು ಬಿಟ್ಟು ವರ್ಷಗಳಾದವು, ಕೈ ಜಾರಿ ಬಿದ್ದರೆ ಕಣ್ಣಿಗೆ ಸಿಗುವುದಿಲ್ಲ.

ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ ದಿನ ಅಳಿಯ ಮಾಡಿದ ಕೆಲಸ ಇದು. ಸ್ಕ್ರೂ ಬಿಚ್ಚಿ, ಕೆರೆದು, ವಾಷರ್ ಹಾಕಿ, ಬಿಳಿ ಗೆರೆ ಕೂದಲಷ್ಟೂ ತಪ್ಪದ ಹಾಗೆ ವಾಪಸ್ ಕೂರಿಸಿದ್ದಾನೆ. ಆಮೇಲೆ ನನ್ನ ಮುಂದೆ ನಿಂತು, ನನ್ನದೇ ತಪ್ಪು ಎಂದಿದ್ದಾನೆ. ಕಾರು ಸರಿಯಾಗಿತ್ತು. ತಾನಾಗಿ ಕೆಡುವುದೇ ಇರಲಿಲ್ಲ. ಆಮೇಲೆ ಆ ಬುಧವಾರ ಎರಡು ಬೆರಳಲ್ಲಿ ವೈರು ಅಲ್ಲಾಡಿಸಿದಾಗ, ಅಲ್ಲಿಗೆ ಯಾರ ಕೈ ಹೋಗಿತ್ತು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಫ್ಯೂಸು ತರಲು ಹೋದ.

ನನಗೆ ಸಿಟ್ಟು ಬಂತು. ಒಂದು ಮಾತು ಹೇಳಬಾರದಿತ್ತೇ ಅವನು?

"ಆವತ್ತು ಏನಾಗಿತ್ತು ಇದಕ್ಕೆ? ನೀವು ಹೇಳಲೇ ಇಲ್ಲ," ಎಂದು ಮೇಷ್ಟ್ರು ಕೇಳಿದರು.

ವಾಷರ್ ನನ್ನ ಅಂಗೈಯಲ್ಲಿತ್ತು. ಒಂದು ಸ್ಕ್ರೂ ಸಡಿಲ ಇತ್ತು ಎಂದೆ.

"ಅಷ್ಟೇನಾ?" ಎಂದರು ಮೇಷ್ಟ್ರು. ಟಾರ್ಚು ಆರಿಸಿದರು.

ಅವರು ಹೋದ ಮೇಲೆ ಮಗಳು ಕಾಫಿ ತಂದಳು. ಲೋಟ ಕೊಟ್ಟು ಮೇಲೆ ಹೋಗದೆ ಮೆಟ್ಟಿಲ ಮೇಲೆ ಕೂತಳು. ಊರಾಚೆ ಹೊಸದಾಗಿ ಶುರುವಾದ ವರ್ಕ್‌ಶಾಪಿನವರು ಅವನನ್ನು ಹುಡುಕಿಕೊಂಡು ಬಂದಿದ್ದರಂತೆ. ಹಿಂದೆ ಯಾರದೋ ವ್ಯಾನಿನಲ್ಲಿ ಅವನ ವೈರಿಂಗು ನೋಡಿ, ಇವನೇ ಬೇಕು ಎಂದು ಕೂತಿದ್ದಾರಂತೆ. ಅವನು ಮಾತ್ರ ಇನ್ನು ವೈರು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾನಂತೆ. ಕಾರಣ ಕೇಳಿದರೆ ಬಾಯಿ ಬಿಡುವುದಿಲ್ಲವಂತೆ. ನಾಳೆಯೊಳಗೆ ಅವರಿಗೆ ಉತ್ತರ ಕೊಡಬೇಕು.

"ಆವತ್ತಿಂದ ಇವರಿಗೆ ನಾನೂ ಏನೇನೋ ಅಂದುಬಿಟ್ಟಿದ್ದೀನಿ ಅಪ್ಪ. ಬಲವಂತ ಮಾಡಿ ಕಳಿಸ್ಲಾ, ಬೇಡ್ವಾ, ಗೊತ್ತಾಗ್ತಿಲ್ಲ. ಮತ್ತೆ ಯಾರ ಮನೇಲಾದ್ರೂ ಹೀಗೇ ಆದ್ರೆ? ನಿಜ ಹೇಳು. ಅವರ ಕೈಯಲ್ಲಿ ಕೆಲಸ ಇತ್ತಾ? ನೀನು ಹೇಳಿದ್ರೆ ನಂಬ್ತೀನಿ."

ಕಾಫಿ ಬಿಸಿ ಇತ್ತು. ಎರಡು ಗುಟುಕು ಕುಡಿದೆ.

"ಇರ್ಲಿಲ್ಲ ಕಣಮ್ಮ," ಎಂದೆ.

ಅವಳು ಲೋಟ ತೆಗೆದುಕೊಂಡು ಮೇಲೆ ಹೋದಳು. ನಾನು ವಾಷರನ್ನು ಒರೆಸಿ ಡಬ್ಬಕ್ಕೆ ಹಾಕಿದೆ. ಒಳ್ಳೆಯ ವಾಷರ್, ಹಲ್ಲು ಒಂದೂ ಸವೆದಿಲ್ಲ, ಇನ್ನೊಂದು ಕಾರಿಗೆ ಬರುತ್ತದೆ.